ಗದ್ದಲದಾಗ ಎಲ್ಲರೂ ಜಲ್ದಿ

— ಕಾಕಾ, ಒಂದು ಲೆಕ್ಕ ಕೂಡವಲ್ದು. ಸ್ವಲ್ಪ ನೋಡ್ತೀರೇನ್ರಿ?

— ಸಾಲಿ ಬಿಟ್ರೂ ಲೆಕ್ಕ ಬೆನ್ನು ಬಿಡವಲ್ದು ನೋಡು. ತಾ ಇಲ್ಲಿ. ಏನಿದು, ‘ಸಪ್ಪಳ ಇಲ್ಲ’, ‘ಸಪ್ಪಳ ಅದ’, ಎರಡು ಕಾಲಂ?

— ನಮ್ಮ ಸೈಕಾಲಜಿ ಪ್ರಾಜೆಕ್ಟ್‌ರಿ. ಗದ್ದಲ ಇದ್ರ ತಲಿ ಓಡೋ ವೇಗ ಎಷ್ಟು ಕಮ್ಮಿ ಆಗ್ತದ, ಆ ಪೆಟ್ಟು ಹುಡುಗ್ರಿಗಿ ಜಾಸ್ತಿಯೋ ಹುಡುಗೇರಿಗಿ ಜಾಸ್ತಿಯೋ, ಇಷ್ಟು ನೋಡೋದು. ಕಲಬುರಗಿಗಿ ವಾಪಸ್ ಹೋಗೋದ್ರಾಗ ಒಂದು ಟ್ರಯಲ್ ಆಗ್ಲಿ ಅಂತ ನಮ್ಮ ಓಣ್ಯಾಗಿನ ಪಿಯುಸಿ ಹುಡುಗ್ರು-ಹುಡುಗೇರನ್ನ ಕರದು ಪಡಸಾಲ್ಯಾಗ ಕುಂದರ್ಸಿದ್ದೆ.

— ಮೊನ್ನಿ ನಿಮ್ಮ ಮನ್ಯಾಗ ಡಿಜೆ ಹಚ್ಚಿದ್ದು ಅದಕ್ಕೇನು? ಸುಲೇಪೇಟದಾಗ ಅರ್ಧ ಮಂದಿ ನಿನ್ನ ಲಗ್ನ ಗೊತ್ತು ಮಾಡ್ಯಾರ ಅನ್ಕೊಂಡ್ರು.

— ಚ್ಯಾಷ್ಟಿ ಬಿಡ್ರಿ. ಈ ಹಾಳಿ ನೋಡ್ರಿ ಮೊದಲ. ಮ್ಯಾಲಿನ ಸಾಲಿನ್ಯಾಗ 1ರಿಂದ 9ರ ತನಕ ಅಂಕಿ, ಒಂದೊಂದರ ಕೆಳಗ ಒಂದೊಂದು ಗುರುತು. 1ಕ್ಕ ಸೊಟ್ಟ ಗೆರಿ, 2ಕ್ಕ ಒಳಗ ಚುಕ್ಕಿ ಇರೋ ಚೌಕ, 3ಕ್ಕ ಬೋರಲು ಬಿದ್ದ ವಿ, ಹಿಂಗ. ಅದರ ಕೆಳಗ ಸಾಲು ಸಾಲು ಅಂಕಿ, ಪ್ರತಿ ಅಂಕಿ ಬುಡಕ ಒಂದು ಖಾಲಿ ಖಾನಿ. ಅಂಕಿ ನೋಡ್ಬೇಕು, ಮ್ಯಾಲ ಹೋಗಿ ಅದರ ಗುರುತು ಹುಡುಕ್ಬೇಕು, ಕೆಳಗ ಬಂದು ಬರೀಬೇಕು. 90 ಸೆಕೆಂಡಿನ್ಯಾಗ ಎಷ್ಟು ಖಾನಿ ತುಂಬಿದ್ರೋ ಅಷ್ಟು ಮಾರ್ಕ್.

— ಇದಕ್ಕ ಓದು ಬರಹ ಜಾಸ್ತಿ ಬೇಕಾಗಂಗಿಲ್ಲ ಹಂಗಾದ್ರ.

— ಅಂಕಿ ಗುರುತು ಸಿಕ್ರ ಸಾಕ್ರಿ. ಮೊದಲನೇ ಮಹಾಯುದ್ಧದಾಗ ಅಮೆರಿಕದ ಸೈನ್ಯಕ್ಕ ಬಂದವ್ರಾಗ ಇಂಗ್ಲಿಷ್ ಓದ್ಲಕ ಬರ್ದವ್ರು ಭಾಳ ಮಂದಿ ಇದ್ರಂತ. ಅವ್ರ ಸಲುವಾಗಿ ಆರ್ಮಿ ಬೀಟಾ ಅಂತ ಪರೀಕ್ಷಿ ಮಾಡಿದ್ರು, ಅದ್ರಾಗ ಇಂಥದ್ದೊಂದು ಇತ್ತು. ಆ ಸೈನ್ಯದಾಗ ಪರೀಕ್ಷಿ ತಗೊಳ್ಳೋ ಕೆಲಸ ಮಾಡಿದ್ದ ಡೇವಿಡ್ ವೆಕ್ಸ್ಲರ್ 1939ರಾಗ ತನ್ನ ಬುದ್ಧಿ ಪರೀಕ್ಷಿಗಿ ಅದನ್ನ ಸೇರಿಸ್ಕೊಂಡ. ಬೆಂಗಳೂರಿನ ನಿಮ್ಹಾನ್ಸ್‌ನವ್ರು 2004ರಾಗ ತಂದ ನ್ಯೂರೋಸೈಕಾಲಜಿ ಪರೀಕ್ಷಿಗಳಾಗ ಭೀ ಅದ. ಮಿದುಳಿಗಿ ಪೆಟ್ಟು ಬಿದ್ದವ್ರಿಗಿ ಇವತ್ತಿಗೂ ಇಂಥದನ್ನ ಕೊಟ್ಟು ನೋಡ್ತಾರ.

— ಸರಿ. ಲೆಕ್ಕ ಎಲ್ಲಿ ತಪ್ಪಿತು?

— ಮೊದಲ ಒಂದು ಹಾಳಿ ಸದ್ದಿಲ್ದೆ ಮಾಡಿಸ್ದೆ. ಆಮ್ಯಾಲ ಬ್ಲೂಟೂತ್ ಸ್ಪೀಕರ್ ಹಚ್ಚಿ, ಹಾಡು ಹಾಕಿ, ಇನ್ನೊಂದು ಹಾಳಿ. ಗದ್ದಲದಾಗ ಮಾರ್ಕ್ ಇಳೀಬೇಕಲ್ರಿ? ಏರ್ಯಾವ! ಹುಡುಗ್ರದೂ ಏರ್ಯಾವ, ಹುಡುಗೇರದೂ ಏರ್ಯಾವ. ಇದನ್ನ ಒಯ್ದು ನಮ್ಮ ಮೇಡಂಗ ತೋರಿಸಿದ್ರ ಏನಂತಾರ?

— ಮದಿವಿ ಮಂಟಪದಾಗ ಪರೀಕ್ಷಿ ಇಡ್ಬೇಕು ಅಂತ ಸರ್ಕಾರಕ್ಕ ಪತ್ರ ಬರೀತಾರ.

— ಕಾಕಾ!

— ಆತು, ಆತು. ಒಂದು ಕೇಳ್ತೀನಿ. ಹುಡುಗ್ರು ಬರಿಯೋವಾಗ ನೀ ಏನು ನೋಡ್ಲಕತ್ತಿದ್ದಿ? ಫೋನಿನ ಗಡಿಯಾರ?

— ಹೌದ್ರಿ, ಟೈಮ್ ತಪ್ಪಬಾರ್ದಲ್ಲ.

— ಅವ್ರ ಕಣ್ಣು ನೋಡಬೇಕಿತ್ತು. ಮೊದಲನೇ ಹಾಳ್ಯಾಗ ಪ್ರತಿ ಖಾನಿಗೂ ಕಣ್ಣು ಮ್ಯಾಲ ಹೋಗ್ತದ, ಕೆಳಗ ಬರ್ತದ. ಐದಾರು ಸಾಲು ಆಗೋದ್ರಾಗ 2 ಅಂದ್ರ ಚುಕ್ಕಿ ಚೌಕ ಅಂತ ತಲ್ಯಾಗ ಕುಂತುಬಿಡ್ತದ. ಎರಡನೇ ಹಾಳಿ ಬರೋ ಹೊತ್ತಿಗಿ ಯಾರ ತಲೀನೂ ಮ್ಯಾಲ ಏಳ್ಲಿಕ್ಕಿಲ್ಲ. ನಿನ್ನ ಹಾಡು ಕಸಕೊಂಡಿದ್ದು ಸ್ವಲ್ಪ, ರೂಢಿ ಕೊಟ್ಟಿದ್ದು ಭಾಳ. ಎರಡೂ ಕೂಡಿ ನಿನಗ ‘ಏರಿಕಿ’ ಕಂಡದ. ಗದ್ದಲ ಏನೂ ಮಾಡಿಲ್ಲ ಅಂತ ಈ ಕಾಲಂ ಹೇಳಂಗಿಲ್ಲ, ಮಾಡ್ಯಾದ ಅಂತಾನೂ ಹೇಳಂಗಿಲ್ಲ. ಎರಡನ್ನೂ ಒಂದೇ ಚೀಲದಾಗ ಹಾಕಿ ತೂಗಿದಿ ನೀ.

— ಹಂಗಾದ್ರ ಅರ್ಧ ಮಂದಿಗಿ ಮೊದಲ ಗದ್ದಲ, ಇನ್ನರ್ಧಕ್ಕ ಮೊದಲ ಸದ್ದಿಲ್ದಿದ್ದು?

— ಅಷ್ಟೇ. ಎರಡನೇ ಹಾಳಿಗಿ ಗುರುತು ಭೀ ಬದಲು ಮಾಡು, ರೂಢಿ ಹೊರಿ ಕಮ್ಮಿ ಆಗ್ತದ. ಆದ್ರ ಒಂದು ಜೋಕೆ: ಅರ್ಧ ಮಾಡೋವಾಗ ಹುಡುಗೇರನ್ನೆಲ್ಲಾ ಒಂದು ಕಡಿ ಹಾಕಿದಿ ಅಂದ್ರ ಮತ್ತ ಅದೇ ಗಂಟು. ಎರಡೂ ಕಡಿ ಇಬ್ಬರೂ ಸಮ ಇರ್ಬೇಕು. ಚೀಟಿ ಎತ್ತಿಸು, ನಿನ್ನ ಮನಸ್ಸಿಗಿ ಬಂದಂಗ ಹಂಚಬ್ಯಾಡ.

— ಅದೆಲ್ಲಾ ಮಾಡ್ತೀನ್ರಿ. ಆದ್ರ ಹುಡುಗೇರು ಮುಂದ ಅದಾರ ಅನ್ನೋದು ಎರಡೂ ಹಾಳ್ಯಾಗ ಕಂಡದ. ಅದಂತೂ ಖರೆ ಅಲ್ರಿ?

— ‘ಈ ಬಾರಿಯೂ ಬಾಲಕಿಯರೇ ಮೇಲುಗೈ.’ ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದಾಗ ಪೇಪರ್‌ನವ್ರು ಇಟ್ಟುಕೊಂಡಿರೋ ಅಚ್ಚು ಅದು. ನಿನ್ನ ಪ್ರಾಜೆಕ್ಟಿಗೂ ಅದೇ ಹೆಡ್ಡಿಂಗ್ ಕೊಡ್ತಿ?

— ನಾನೊಬ್ಬಾಕಿ ಅನ್ನೋದಲ್ರಿ ಇದು. ಫಿನ್ಲೆಂಡಿನ ರೊಯಿವೈನೆನ್ ಅನ್ನೋರು 2011ರಾಗ ಇಂಥ ಅಧ್ಯಯನ ಎಲ್ಲಾ ಒಟ್ಟುಗೂಡಿಸಿ ನೋಡ್ಯಾರ. ಅಂಕಿ, ಅಕ್ಷರ ಇರೋ ಕೆಲಸ, ಪಟಪಟ ಹೆಸರು ಹೇಳೋ ಕೆಲಸ, ಇದ್ರಾಗ ಹೆಣ್ಣುಮಕ್ಕಳು ಸ್ವಲ್ಪ ಮುಂದ.

— ಮತ್ತ ಗಂಡುಮಕ್ಕಳು?

— ದೀಪ ಹತ್ತಿದ ಕೂಡ್ಲೆ ಗುಂಡಿ ಒತ್ತೋದು, ಬೆರಳು ಟಕಟಕ ಬಡಿಯೋದು, ಅಂಥದ್ರಾಗ ಅವ್ರು ಸ್ವಲ್ಪ ಮುಂದ.

— ನೋಡು, ನೀನೇ ಹೇಳಿದಿ. ವೇಗ ಅಂತ ಒಂದೇ ಇಲ್ಲ. ನೀ ಹುಡುಗ್ರ ಕೈಯಾಗ ಪೆನ್ನು ಬಿಟ್ಟು ಸ್ಕೇಲ್ ಕೊಟ್ಟಿದ್ರ ಹೆಡ್ಡಿಂಗ್ ಉಲ್ಟಾ ಆಗ್ತಿತ್ತು.

— ಸ್ಕೇಲ್ ಅಂದ್ರ?

— ತಾ ನಿನ್ನ ಒಂದು ಫೂಟಿನ ಸ್ಕೇಲ್. ನಾ ಮ್ಯಾಲ ಹಿಡ್ಕೊಂಡಿರ್ತೀನಿ. ನೀ ಕೆಳಗ, ಸೊನ್ನಿ ಇರೋ ಕಡಿ, ಹೆಬ್ಬೆರಳು ತೋರಬೆರಳು ಅಗಲಿಸಿ ಇಟ್ಕೊ. ಮುಟ್ಟಬ್ಯಾಡ. ನಾ ಹೇಳ್ದೆ ಬಿಡ್ತೀನಿ, ನೀ ಹಿಡಿ. ಹಾಂ! ಎಷ್ಟರ ಹತ್ರ ಹಿಡದಿ?

— 20 ಸೆಂಟಿಮೀಟರ್.

— ಬೀಳೋ ವಸ್ತು 20 ಸೆಂಟಿಮೀಟರ್ ಇಳೀಲಕ ಹತ್ತಿರ ಹತ್ತಿರ 0.2 ಸೆಕೆಂಡ್ ಬೇಕು. ದೂರ ಮೀಟರಿನ್ಯಾಗ ತಗೊಂಡು, ಅದರ ದುಪ್ಪಟ್ಟನ್ನ 9.8ರಿಂದ ಭಾಗಿಸಿ ವರ್ಗಮೂಲ ತೆಗಿ, ಬರ್ತದ. ಕಣ್ಣು ಕಂಡು, ತಲಿ ತಿಳದು, ಕೈ ಕೇಳಿದ್ದು ಇಷ್ಟು ಹೊತ್ತಿನ್ಯಾಗ. ಒಂದು ರೂಪಾಯಿ ಖರ್ಚಿಲ್ಲ, ಕರೆಂಟ್ ಹೋದ್ರೂ ನಡೀತದ. ನಿನ್ನ ಹಾಳ್ಯಾಗ ಮಾತ್ರ ಇದರ ಜೊತಿಗಿ ಹುಡುಕೋದು, ನೆನಪಿಡೋದು, ಬರಿಯೋದು, ಚೆಂದ ಬರೀಬೇಕು ಅನ್ನೋ ಹಟ, ಎಲ್ಲಾ ಕೂಡ್ಯಾದ. ಆ ಹಾಳಿಗಳು ತಿರುವಿ ಹಾಕು, ನೋಡೋಣು.

— ಹುಡುಗ್ರದು ಕಾಲು ಮುರಿದ ಗುರುತು. ಇವು ನೋಡ್ರಿ, ಚೌಕದಾಗ ಚುಕ್ಕೀನೇ ಇಲ್ಲ.

— ಚುಕ್ಕಿ ಬಿಟ್ಟಿದ್ದು ಸರಿ ಅಂತ ಮಾರ್ಕ್ ಕೊಟ್ಟಿಯೋ, ಕತ್ತರಿಸಿದಿಯೋ?

— ಕೆಲವಕ್ಕ ಕೊಟ್ಟೀನಿ... ಗುರುತು ತಿಳೀತದಲ್ಲ ಅಂತ.

— ಕೆಲವಕ್ಕ. ಇಲ್ಲೇ ನಿನ್ನ ಸರಾಸರಿ ಕರಗ್ಲಕತ್ತದ. ಎಣಿಸೋಕಿಂತ ಮೊದಲೇ ನಿಯಮ ಬರದಿಡು. ಎಣಿಸೋವಾಗ ಹಾಳಿ ಯಾರದು ಅನ್ನೋದು ಕಾಣಬಾರ್ದು. ಇನ್ನು ಗಡಿಯಾರದ ಮಾತು. 90 ಸೆಕೆಂಡ್ ಆತು ಅಂತ ನೀ ಫೋನ್ ನೋಡಿ ‘ನಿಲ್ಸ್ರಿ’ ಅಂತಿ. ಅವ್ರು ಪೆನ್ನು ಕೆಳಗ ಇಡೋದು ಯಾವಾಗ?

— ಒಬ್ಬೊಬ್ರು ಒಂದೊಂದು ಹೊತ್ತಿಗಿ. ಸ್ವಲ್ಪ ಹಿಂದ ಮುಂದ.

— ಆ ಹಿಂದ ಮುಂದಕ್ಕ ಒಬ್ಬ ಮನಷ್ಯಾನ ನೌಕರಿ ಹೋಗ್ಯಾದ. 1796ರ ಮಾತು. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಾಗ ಮಾಸ್ಕೆಲಿನ್ ಅಂತ ದೊಡ್ಡ ಸಾಹೇಬ, ಅವನ ಕೈ ಕೆಳಗ ಕಿನ್ನೆಬ್ರೂಕ್ ಅಂತ ಹುಡುಗ. ದುರ್ಬೀನಿನ್ಯಾಗ ನಕ್ಷತ್ರ ಒಂದು ತಂತಿ ದಾಟೋ ಹೊತ್ತನ್ನ ಗಡಿಯಾರದ ಟಿಕ್ ಟಿಕ್ ಕೇಳ್ಕೊಂತ ಬರದಿಡೋ ಕೆಲಸ. ಸಾಹೇಬನ ಲೆಕ್ಕಕ್ಕೂ ಹುಡುಗನ ಲೆಕ್ಕಕ್ಕೂ ಸೆಕೆಂಡಿನ ಹತ್ತನೇ ಎಂಟು ಪಾಲು ಫರಕ ಬಂತು. ತಿದ್ಕೋ ಅಂದ, ತಿದ್ಕೊಳ್ಳಕ ಆಗ್ಲಿಲ್ಲ, ಮನಿಗಿ ಕಳಿಸ್ದ. ಮುಂದ ಬೆಸೆಲ್ ಅನ್ನೋ ಖಗೋಳಶಾಸ್ತ್ರಿ ಅದನ್ನ ಓದಿ, ತಾನೂ ಬ್ಯಾರೆಯವ್ರ ಜೋಡಿ ಕುಂತು ಅಳೆದು ನೋಡ್ದ. ಪ್ರತಿಯೊಬ್ಬರದೂ ಫರಕ ಬರ್ತದ, ಹುಡುಗಂದು ಸೋಮಾರಿತನ ಅಲ್ಲ ಅಂತ ಗೊತ್ತಾತು. ತಲಿ ವೇಗ ಅಳಿಯೋ ಶಾಸ್ತ್ರಕ್ಕ ಬೀಜ ಬಿದ್ದದ್ದೇ ಅಲ್ಲಿ. ಮತ್ತ ನೋಡು, ಆ ಇಬ್ಬರೂ ಗಂಡಸ್ರೇ.

— ಅದಕ್ಕೇನ್ರಿ?

— ಅದಕ್ಕೇ ಅಂತೀನಿ. ಹೆಣ್ಣು-ಗಂಡು ಅಂತ ಎರಡು ಸಾಲು ಮಾಡಿದ್ರ ಸಾಲಿನ ನಡುವಿನ ಅಂತರ ಒಂದೇ ಕಣ್ಣಿಗಿ ಬೀಳ್ತದ. ಸಾಲಿನ ಒಳಗಿನ ಅಂತರ ಯಾರೂ ನೋಡಂಗಿಲ್ಲ. ಈಗ ನಿನ್ನ ಹುಡುಗೇರ ಹಾಳಿಯಾಗ ಎಲ್ಲರಕಿಂತ ಮುಂದಿದ್ದಾಕಿ, ಎಲ್ಲರಕಿಂತ ಹಿಂದಿದ್ದಾಕಿ, ಇಬ್ಬರನ್ನ ಪಕ್ಕಕ್ಕ ಇಡು. ಆಮ್ಯಾಲ ಹುಡುಗೇರ ಸರಾಸರಿ, ಹುಡುಗ್ರ ಸರಾಸರಿ ಪಕ್ಕಕ್ಕ ಇಡು. ಯಾವುದು ದೊಡ್ಡದು?

— ಮೊದಲಿಂದೇ. ಭಾಳ ದೊಡ್ಡದು.

— ಎರಡು ಚೀಲ ತೊಗರಿ ಅನ್ಕೊ. ಚಿಂಚೋಳಿ ಕಡಿದೊಂದು, ಸೇಡಂ ಕಡಿದೊಂದು. ತೂಗಿ ಭಾಗಿಸಿದ್ರ ಒಂದು ಚೀಲದ ಕಾಳು ಸರಾಸರಿಯಾಗ ಕೂದಲಷ್ಟು ದಪ್ಪ ಇರ್ಬಹುದು. ಆದ್ರ ಒಂದು ಕಾಳು ನಿನ್ನ ಅಂಗೈ ಮ್ಯಾಲ ಇಟ್ಟು ಯಾವ ಚೀಲದ್ದು ಹೇಳು ಅಂದ್ರ?

— ಹೇಳ್ಲಕ ಆಗಂಗಿಲ್ಲ.

— ಅದಕ್ಕೂ ಲೆಕ್ಕ ಅದ. ಸರಾಸರಿ ಅಂತರ, ಸಾಲಿನ ಒಳಗಿನ ಹರವು ಅಳಿಯೋ ಸ್ಟ್ಯಾಂಡರ್ಡ್ ಡಿವಿಯೇಷನ್ನಿನ ಐದನೇ ಒಂದು ಪಾಲು ಅಂತ ತಿಳ್ಕೊ. ಇಂಥ ಅಧ್ಯಯನದಾಗ ಇದಕ್ಕ ‘ಸಣ್ಣ’ ಅಂತಾರ. ಕಣ್ಣು ಮುಚ್ಚಿ ಒಬ್ಬ ಹುಡುಗಿ, ಒಬ್ಬ ಹುಡುಗನ್ನ ಕರದ್ರ, ಮುಂದಿರೋ ಗುಂಪಿನವ್ರು ಗೆಲ್ಲೋದು ನೂರಕ್ಕ 56 ಸಲ. ಉಳಿದ 44 ಸಲ ಇನ್ನೊಬ್ರು. ನಾಣ್ಯ ಚಿಮ್ಮಿದ್ರೇ 50 ಬರ್ತದಲ್ಲ. ಆರು ಸಲದ ಲಾಭಕ್ಕ ಇಡೀ ಜಾತಿ ಹೆಸರು ಹೇಳ್ತೀವಿ.

— ಜಾನೆಟ್ ಹೈಡ್ ಅಂತ ಅಮೆರಿಕದ ಪ್ರೊಫೆಸರ್ ಇದನ್ನೇ ಹೇಳ್ಯಾರ್ರಿ. 2005ರಾಗ ಹೆಣ್ಣು-ಗಂಡಿನ ಫರಕದ ಮ್ಯಾಲ ಆಗಿದ್ದ 46 ಮಹಾವಿಶ್ಲೇಷಣೆ, ಅಂದ್ರ ಭಾಳ ಅಧ್ಯಯನ ಒಟ್ಟಿಗಿ ತೂಗಿ ನೋಡೋವು, ಕೂಡಿಸಿ ನೋಡಿದ್ರು. ನೂರಕ್ಕ 78 ಫರಕ ಸಣ್ಣವು, ಇಲ್ಲಾ ಸೊನ್ನಿ ಹತ್ರದವು. ಹೋಲಿಕೀನೇ ಹೆಚ್ಚು ಅಂತ ಅವ್ರ ವಾದ.

— ಗೊತ್ತಿದ್ದೂ ನೀ ಈ ವಿಷಯ ತಗೊಂಡಿ?

— ಗೊತ್ತಿದ್ದಕ್ಕೇ ತಗೊಂಡೀನಿ. ವೇಗದ ಮಾತು ಬ್ಯಾರೆ, ಅಡ್ಡಿಯ ಮಾತು ಬ್ಯಾರೆ ಅಲ್ರಿ? ಗದ್ದಲ ಬಿದ್ದಾಗ ಯಾರು ಜಾಸ್ತಿ ಕೆಡ್ತಾರ ಅನ್ನೋದು ನನ್ನ ಪ್ರಶ್ನಿ. ಇದಕ್ಕ ಇನ್ನೊಂದು ಹಾಳಿ ಮಾಡೀನಿ, ಸ್ಕೆಚ್ ಪೆನ್ನಿನಿಂದ. ನೋಡ್ರಿ.

— ‘ಕೆಂಪು’ ಅಂತ ನೀಲಿ ಬಣ್ಣದಾಗ ಬರ್ದಿ. ‘ಹಸಿರು’ ಅನ್ನೋದು ಕೆಂಪಿನ್ಯಾಗ. ‘ಹಳದಿ’ ಹಸಿರಿನ್ಯಾಗ. ಬಣ್ಣದ ಡಬ್ಬಿ ಚೆಲ್ಲಿತೇನು?

— ಅಕ್ಷರ ಓದಬ್ಯಾಡ್ರಿ, ಬಣ್ಣ ಹೇಳ್ರಿ. ಜಲ್ದಿ ಜಲ್ದಿ.

— ನೀಲಿ... ಹಸ... ಅಲ್ಲಲ್ಲ, ಕೆಂಪು. ಹಸಿರು. ಕೆಂಪು, ಛೆ, ಹಳದಿ. ನಾಲಿಗಿ ಕಟ್ಟಿ ಹಾಕ್ತದಲ್ಲ ಇದು!

— ಜಾನ್ ರಿಡ್ಲಿ ಸ್ಟ್ರೂಪ್ ಅಂತ, ಅಮೆರಿಕದ ಟೆನೆಸ್ಸಿಯಾಗ ಪಿಎಚ್‌ಡಿ ಮಾಡ್ಲಕತ್ತಿದ್ದ ಹುಡುಗ. 1935ರಾಗ ಅಚ್ಚಾತು ಇದು. ಬರೇ ಬಣ್ಣದ ಚೌಕ ನೂರು ತೋರಿಸಿ ಹೆಸರು ಹೇಳ್ರಿ ಅಂದ್ರ ಸರಾಸರಿ 63.3 ಸೆಕೆಂಡ್ ಹಿಡೀತು. ಹಿಂಗ ಉಲ್ಟಾ ಅಕ್ಷರದಾಗ ಬಣ್ಣ ಅಡಗಿಸಿದಾಗ 110.3 ಸೆಕೆಂಡ್. ಯಾಕಂದ್ರ ಓದೋದು ನಮಗ ಕೇಳ್ದೇನೇ ಆಗಿಬಿಡ್ತದ, ತಡೀಲಕ ಬರಂಗಿಲ್ಲ. ಅಡ್ಡಿ ಹೊರಗಿಂದ ಬರೋದು ಬ್ಯಾಡ, ನಾವು ಕಲಿತ ವಿದ್ಯಾನೇ ಅಡ್ಡಿ. ಅವ ಮುಂದ ಬೈಬಲ್ ಪಾಠ ಹೇಳೋ ಮಾಸ್ತರ ಆದನಂತ. ತಾ ಮಾಡಿದ ಹಾಳಿ ಮ್ಯಾಲ ಸಾವಿರಾರು ಮಂದಿ ಪ್ರಯೋಗ ಮಾಡ್ಲಕತ್ತಿದ್ರೂ ಅವಗ ಅದರ ಗೊಡವಿ ಇರ್ಲಿಲ್ಲ.

— ಇದ್ರಾಗ ಹೆಣ್ಣು-ಗಂಡು?

— ಬಣ್ಣದ ಹೆಸರು ಹೇಳೋದ್ರಾಗ ಹೆಣ್ಣುಮಕ್ಕಳು ಸ್ವಲ್ಪ ಜಲ್ದಿ ಅನ್ನೋದು ಸ್ಟ್ರೂಪ್‌ನ ಕಾಲಕ್ಕೇ ಗೊತ್ತಿತ್ತು. ಆದ್ರ ಅಡ್ಡಿ ಬಿದ್ದಾಗ ಎಷ್ಟು ಕೆಡ್ತಾರ ಅನ್ನೋದ್ರಾಗ ಫರಕ ಇಲ್ಲ. 1991ರಾಗ ಕೆನಡಾದ ಕಾಲಿನ್ ಮೆಕ್ಲಿಯಡ್ ಅರ್ಧ ಶತಮಾನದ ಅಧ್ಯಯನ ಎಲ್ಲಾ ಜಾಲಿಸಿ, ಯಾವ ವಯಸ್ಸಿನ್ಯಾಗೂ ಗಂಡು-ಹೆಣ್ಣಿನ ಅಂತರ ಕಾಣಂಗಿಲ್ಲ ಅಂತ ಬರದಾರ.

— ಅಂದ್ರ ನಿನ್ನ ಪ್ರಶ್ನಿಗಿ ಉತ್ತರ ಬಂದು ಮೂವತ್ತು ವರ್ಷ ಮ್ಯಾಲಾತು.

— ಆ ಉತ್ತರ ಅಲ್ಲಿಂದು. ಇಲ್ಲಿ ನೋಡಬಾರ್ದೇನ್ರಿ? ನಮ್ಮ ಓಣಿಯಾಗ ಕನ್ನಡ ಶಾಲಿ ಹುಡುಗ್ರು ಅದಾರ, ಉರ್ದು ಶಾಲ್ಯಾಗ ಕಲ್ತವ್ರು ಅದಾರ, ಮನ್ಯಾಗ ತೆಲುಗು ಮಾತಾಡೋರು, ಲಂಬಾಣಿ ಮಾತಾಡೋರು ಅದಾರ. ಕನ್ನಡದಾಗ ಬರದ ‘ಕೆಂಪು’ ಉರ್ದು ಓದಿದ ಹುಡುಗಿಗಿ ಅಷ್ಟು ಅಡ್ಡ ಬರಂಗಿಲ್ಲ. ಆಕಿ ಜಲ್ದಿ ಮುಗಿಸಿದ್ರ ಹುಡುಗೇರು ಜಲ್ದಿ ಅಂತ ಬರದುಬಿಡ್ತೀವಿ, ಕಾರಣ ನೋಡಿದ್ರ ಲಿಪಿ.

— ಇದು ಛಲೋ ಮಾತು ಹೇಳಿದಿ. ಇದನ್ನ ನಾ ಯೋಚಿಸಿರ್ಲಿಲ್ಲ.

— ಗದ್ದಲಕ್ಕೂ ಹಂಗೇ ಅದರಿ. ತೆಲುಗು ಹಾಡು ಹಾಕಿದ್ರ ತೆಲುಗು ಬರದವ್ರಿಗಿ ಅಡ್ಡಿ ಆಗ್ಲಿಕ್ಕಿಲ್ಲ ಅನ್ಕೊಂಡಿದ್ದೆ. ಆದ್ರ 1976ರಾಗ ಕೋಲ್, ವೆಲ್ಶ್ ಅಂತ ಇಬ್ಬರು, ಇಂಗ್ಲಿಷ್ ಹುಡುಗ್ರಿಗಿ ಅಕ್ಷರದ ಸಾಲು ನೆನಪಿಡ್ರಿ ಅಂತ ಕೊಟ್ಟು, ಹಿಂದ ಜರ್ಮನ್ ಭಾಷೆಯ ಓದು ಕೇಳಿಸಿದ್ರು. ಒಂದು ಶಬ್ದ ತಿಳೀದಿದ್ರೂ ನೆನಪು ಕೆಟ್ಟಿತು. ಮನಷ್ಯಾನ ದನಿ ಅಂದ್ರ ಕಿವಿ ಬಾಗಲು ತಗೀತದ, ತಿಳೀಲಿ ಬಿಡ್ಲಿ.

— ಅದಕ್ಕೇ ನಮ್ಮ ಬಸ್‌ಸ್ಟ್ಯಾಂಡಿನ್ಯಾಗ ಓದೋನಿಗಿ ಚಿಂಚೋಳಿ ಬಸ್ಸಿನ ಸಪ್ಪಳಕಿಂತ ಪಕ್ಕದವನ ಫೋನ್ ಮಾತು ಜಾಸ್ತಿ ಕಾಡ್ತದ. ಹಾಂ, ಮೈಸೂರು ವಿಶ್ವವಿದ್ಯಾಲಯದಾಗ 1924ರಾಗ ಮನಶ್ಶಾಸ್ತ್ರ ವಿಭಾಗ ಕಟ್ಟಿದವ್ರು ಎಂ.ವಿ. ಗೋಪಾಲಸ್ವಾಮಿ. ಅವ್ರೇ 1935ರಾಗ ತಮ್ಮ ಮನ್ಯಾಗಿಂದ ರೇಡಿಯೋ ಪ್ರಸಾರ ಶುರು ಮಾಡಿ ‘ಆಕಾಶವಾಣಿ’ ನಡೆಸಿದ್ರು. ಒಂದು ಕೈಯಾಗ ಗಮನ ಅಳಿಯೋ ವಿದ್ಯೆ, ಇನ್ನೊಂದು ಕೈಯಾಗ ಮನಿ ಮನಿಗಿ ಸಪ್ಪಳ!

— ಅದನ್ನ ವರದಿಯಾಗ ಹಾಕ್ತೀನ್ರಿ, ಮೇಡಂ ಖುಷಿ ಆಗ್ತಾರ.

— ಬ್ಯಾಡ, ಅದು ಲೆಕ್ಕಕ್ಕ ಬರಂಗಿಲ್ಲ. ನಿನ್ನ ಹಾಡಿನ ಮಾತಿಗಿ ಬಾ. ಮೂರು ನಿಮಿಷದ ಹಾಡು ಹಾಕಿ ಅದಕ್ಕ ‘ಗದ್ದಲ’ ಅಂತ ಹೆಸರು ಕೊಟ್ಟಿ. ನಮ್ಮ ಕಡಿ ಹುಡುಗ್ರ ಖರೆ ಗದ್ದಲ ಅದೇನು? ವಾಡಿ ಜಂಕ್ಷನ್ನಿಗಿ ಹೋಗು. ಸಿಕಂದರಾಬಾದಿನ ಲೈನ್ 1874ರಾಗ ಬಂದು ಕೂಡಿದಾಗಿಂದ ಅಲ್ಲಿ ರೈಲಿನ ಕೂಗು ನಿಂತಿಲ್ಲ. ಶಹಾಬಾದಿನ್ಯಾಗ ಪರಸಿ ಕೊರಿಯೋ ಮಷೀನು. ಸೇಡಂ, ಮಳಖೇಡದ ದಾರಿಯಾಗ ಸಿಮೆಂಟ್ ಲಾರಿ. ಅದರ ಪಕ್ಕಕ್ಕ ಕುಂತು ಹತ್ತು ವರ್ಷ ಓದೋ ಹುಡುಗಿ ಬ್ಯಾರೆ, ನಿನ್ನ ಸ್ಪೀಕರ್ ಮುಂದ 90 ಸೆಕೆಂಡ್ ಕುಂತಾಕಿ ಬ್ಯಾರೆ.

— ನ್ಯೂಯಾರ್ಕಿನ್ಯಾಗ ಅಂಥದ್ದೇ ನೋಡ್ಯಾರ್ರಿ. ಆರ್ಲೀನ್ ಬ್ರಾನ್ಜಾಫ್ಟ್ ಅಂತ ಮನಶ್ಶಾಸ್ತ್ರಜ್ಞೆ. ಒಂದು ಶಾಲಿ ಒಂದು ಮಗ್ಗಲಿಗಿ ಮೇಲ್ಸೇತುವೆ ಮ್ಯಾಲ ರೈಲು ಓಡ್ತಿತ್ತು. ಅದೇ ಶಾಲಿ, ಅದೇ ಪಾಠ. ಆದ್ರ ರೈಲಿನ ಕಡಿ ಕ್ವಾಣಿ ಹುಡುಗ್ರು ಓದೋದ್ರಾಗ ಆಚಿ ಕಡಿಯವ್ರಕಿಂತ ಹಿಂದ ಇದ್ರು. 1975ರಾಗ ಅದು ಅಚ್ಚಾತು. ಆಮ್ಯಾಲ ಹಳಿ ಕೆಳಗ ರಬ್ಬರ್ ಹಾಕಿಸಿದ್ರು, ಕ್ವಾಣಿ ಮಾಳಿಗಿಗಿ ಸಪ್ಪಳ ಹೀರೋ ಹಲಗಿ ಬಡಿಸಿದ್ರು. 1981ರಾಗ ಮತ್ತ ನೋಡಿದ್ರ ಎರಡೂ ಕಡಿ ಸಮ.

— ಇದು ನೋಡು ಪ್ರಯೋಗ ಅಂದ್ರ! ಉತ್ತರ ಬಂದ ಮ್ಯಾಲ ಏನರ ಒಂದು ಕೆಲಸ ಆಗ್ಬೇಕು. ಹುಡುಗೇರು 56, ಹುಡುಗ್ರು 44 ಅಂತ ಬರದ್ರ ಯಾವ ಹಳಿಗಿ ರಬ್ಬರ್ ಹಾಕ್ತಿ? ಅದಕ್ಕ ನಾ ಅಂತೀನಿ, ಹೆಣ್ಣು-ಗಂಡಿನ ಕಾಲಂ ಹೊಡದು ಹಾಕು. ಒಬ್ಬೊಬ್ಬರನ್ನ ಅವ್ರ ಜೋಡೀನೇ ಹೋಲಿಸು, ಸದ್ದಿದ್ದಾಗ ಎಷ್ಟು, ಇಲ್ದಾಗ ಎಷ್ಟು. ಮುಗೀತು.

— ಹೊಡದು ಹಾಕಂಗಿಲ್ಲ.

— ಯಾಕ?

— ನಿಮ್ಮ ಮಾತು ಇಷ್ಟೊತ್ತು ಕೇಳೀನಿ, ಈಗ ನನ್ನದು ಕೇಳ್ರಿ. ನಿನ್ನಿ ಸಂಜಿಕ ಟ್ರಯಲ್‌ಗಿ ಬಂದ ಹುಡುಗೇರಿಗಿ ಸುಮ್ನ ಒಂದು ಮಾತು ಕೇಳ್ದೆ. ಓದ್ಲಕ ಕುಂತ ಮ್ಯಾಲ ನಡುವ ಏನೇನಕ್ಕ ಎದ್ದಿ ಅಂತ. ಒಬ್ಬಾಕಿ, ನಳ ಬಂತು ಅಂತ ಎದ್ದೆ ಅಂದ್ಳು. ಇನ್ನೊಬ್ಬಾಕಿ, ತಮ್ಮ ಅತ್ತ. ಮತ್ತೊಬ್ಬಾಕಿ, ಜ್ವಾಳ ಹಾಕಿ ಬರ್ಲಕ ಗಿರಣಿಗಿ ಹೋದೆ. ಅಪ್ಪ ಬಂದ, ಚಹಾ. ಸಣ್ಣಾಕಿಗಿ ಜಡಿ ಹಾಕ್ದೆ. ಪಟ್ಟಿ ಮುಗೀವಲ್ದು. ಹುಡುಗ್ರಿಗಿ ಕೇಳಿದ್ರ, ‘ಫೋನ್ ಬಂತು ಅಕ್ಕಾ’. ಅಷ್ಟೇ.

— ಹ್ಞೂಂ.

— ಇದು ನಮ್ಮ ಓಣಿ ಮಾತು ಒಂದೇ ಅಲ್ರಿ. ಸರ್ಕಾರ 2019ರಾಗ ದೇಶ ಪೂರ್ತಿ ಸಮಯ ಬಳಕೆ ಸಮೀಕ್ಷೆ ಮಾಡ್ತು. ಮನಿಗೆಲಸ ಮಾಡೋ ಹೆಣ್ಣುಮಕ್ಕಳು ದಿನಕ್ಕ ಅದಕ್ಕ ಆಗ ಕೊಡ್ತಿದ್ದದ್ದು ಸರಾಸರಿ 299 ನಿಮಿಷ. ಮಾಡೋ ಗಂಡಸ್ರು 97. ಮಾಡೋ ಗಂಡಸ್ರು ಅಂದೆ ನೋಡ್ರಿ, ಮಾಡ್ದವ್ರು ಆ ಲೆಕ್ಕದಾಗೇ ಇಲ್ಲ. 2023ರ ಅಸರ್ ಅನ್ನೋ ಶಿಕ್ಷಣ ಸಮೀಕ್ಷೆ ವರದಿಯಾಗ 14ರಿಂದ 18 ವಯಸ್ಸಿನವ್ರ ಮಾತು ಅದ. ಸ್ಮಾರ್ಟ್‌ಫೋನ್ ಬಳಸ್ಲಕ ಬರೋರಾಗ ಸ್ವಂತ ಸ್ಮಾರ್ಟ್‌ಫೋನ್ ಇದ್ದ ಹುಡುಗ್ರು ನೂರಕ್ಕ 43.7, ಹುಡುಗೇರು 19.8. ಹುಡುಗನ ಗಮನ ಕದಿಯೋದು ಅವನ ಕಿಸೇದಾಗಿನ ಫೋನು. ಹುಡುಗಿ ಗಮನ ಕದಿಯೋದು ಮನಿ. ಅವ ಫೋನ್ ಬಂದ್ ಮಾಡ್ಬಹುದು. ಈಕಿ ಮನಿ ಬಂದ್ ಮಾಡ್ಲಕ ಬರ್ತದೇನ್ರಿ?

— ಸಂಜಿಕ ನನಗೂ ಚಹಾ ನೀನೇ ತಂದಿ. ಹಾಳಿ ಎಣಿಸೋದು ಬಿಟ್ಟು.

— ಕಾಲಂ ಹೊಡದು ಹಾಕಿದ್ರ ಇದು ಕಾಣೋದೇ ಇಲ್ಲ. ಎಲ್ಲರನ್ನೂ ಕೂಡಿಸಿ ಸರಾಸರಿ ತೆಗದ್ರ 299ನೂ ಹೋತು, 97ನೂ ಹೋತು. ನಾ ಹೆಣ್ಣು-ಗಂಡು ಅನ್ನೋದನ್ನ ಕಾರಣ ಅಂತ ಬರಿಯಂಗಿಲ್ಲ, ಅದು ಒಪ್ಪಿದೆ. ಆದ್ರ ಕಾಲಂ ಇರ್ಲಿ. ಅದರ ಪಕ್ಕಕ್ಕ ಇನ್ನೊಂದು ಕಾಲಂ: ಓದ್ಲಕ ಕುಂತಾಗ ಎಷ್ಟು ಸಲ ಎದ್ರಿ, ಯಾರು ಎಬ್ಬಿಸಿದ್ರು.

— ಎದ್ದಿದ್ದನ್ನ ನೆನಪಿನಿಂದ ಕೇಳಿದ್ರ ಎಲ್ಲರೂ ಮನಸ್ಸಿಗಿ ಬಂದಂಗ ಹೇಳ್ತಾರ. ಒಂದು ವಾರ ಒಂದು ಸಣ್ಣ ನೋಟ್‌ಬುಕ್ ಕೊಡು, ಎದ್ದ ಕೂಡ್ಲೆ ಒಂದು ಗೆರಿ ಎಳೀಲಿ. ಹುಡುಗ್ರಿಗೂ ಕೊಡು. ಫೋನ್ ತಗದಾಗ ಒಂದು ಗೆರಿ.

— ಗೆರಿ ಎಳಿಯೋದೇ ಒಂದು ಅಡ್ಡಿ ಆಗ್ತದಲ್ರಿ?

— ಆಗ್ತದ. ಇಬ್ಬರಿಗೂ ಆಗ್ತದ, ಆಗ್ಲಿ. ಮತ್ತ ಒಂದು ಮಾತು ಮರೀಬ್ಯಾಡ. ದಿನಾ ಅಡ್ಡಿ ಉಂಡಾಕಿಗಿ ನಿನ್ನ 90 ಸೆಕೆಂಡಿನ ಹಾಡು ಏನೂ ಮಾಡ್ದೇ ಇರ್ಬಹುದು. ಆಕಿ ಹಾಳ್ಯಾಗ ಮಾರ್ಕ್ ಕಮ್ಮಿ ಆಗ್ಲಿಲ್ಲ ಅಂದ್ರ ಆಕಿಗಿ ಗದ್ದಲ ಹತ್ತಂಗಿಲ್ಲ ಅಂತ ಬರದ್ರ ದೊಡ್ಡ ತಪ್ಪು. ನಾಳಿ ಯಾರರ ‘ಹೆಣ್ಣುಮಕ್ಕಳು ಎಂಥ ಸಪ್ಪಳದಾಗೂ ಓದ್ತಾರ, ಅವ್ರಿಗಿ ಬ್ಯಾರೆ ಖೋಲಿ ಯಾಕ ಬೇಕು’ ಅಂತ ನಿನ್ನ ವರದೀನೇ ತೋರಿಸ್ತಾರ.

— ಅದನ್ನೇ ಹೆದರಿ ಕೇಳ್ಬೇಕು ಅಂತಿದ್ದೆ. ನಾ ಒಂದು ಸಲದ ಹಾಡಿನ ಲೆಕ್ಕ ಬ್ಯಾರೆ ಪುಟದಾಗ, ವಾರದ ನೋಟ್‌ಬುಕ್ಕಿನ ಲೆಕ್ಕ ಬ್ಯಾರೆ ಪುಟದಾಗ ಇಡ್ತೀನಿ. ಕೂಡ್ಸಂಗಿಲ್ಲ.

— ಓದಿನ ಅಂತರ ಭೀ ಬರದಿಡು. ನಿಮ್ಹಾನ್ಸ್‌ನವ್ರೇ ತಮ್ಮ ಪರೀಕ್ಷಿಗಿ ವಯಸ್ಸು, ಓದು, ಹೆಣ್ಣು-ಗಂಡು ಅಂತ ಬ್ಯಾರೆ ಬ್ಯಾರೆ ಪಟ್ಟಿ ಮಾಡ್ಯಾರ ಅಂತ ನೀನೇ ಒಮ್ಮಿ ಹೇಳಿದ್ದಿ. ಶಾಲಿ ಮುಖ ಕಾಣದ ಅಜ್ಜಿನ್ನ ಕಾಲೇಜ್ ಹುಡುಗನ ಪಕ್ಕಕ್ಕ ಕುಂದರ್ಸಿ ಹೆಂಗಸ್ರು ನಿಧಾನ ಅಂದ್ರ ನಾಚಿಕಿ ಆಗ್ತದ.

— ಓದಿಲ್ದವ್ರಿಗಿ ಬಣ್ಣದ ಹಾಳಿ ಕೊಡೋದೇ ಬರಂಗಿಲ್ರಿ. ಅಕ್ಷರ ಬಂದ್ರಲ್ಲ ಅಡ್ಡ ಬರೋದು.

— ಅದೂ ಖರೆ. ಆಕಿ ನಿನಗಿಂತ ಜಲ್ದಿ ಬಣ್ಣ ಹೇಳಿ ಎದ್ದು ಹೋಗ್ತಾಳ. ಸರಿ, ಮಂದಿ ಎಲ್ಲಿಂದ ತರ್ತಿ? ಓಣ್ಯಾಗಿನ ಗೆಳತೇರಷ್ಟೇ ಸಾಲಂಗಿಲ್ಲ.

— ಕಾಲೇಜಿಗಿ ಹೋಗಿ ಪ್ರಿನ್ಸಿಪಾಲರಿಗಿ ಅರ್ಜಿ ಕೊಡ್ಬೇಕು. ಹದಿನೆಂಟು ಆಗದವ್ರು ಇರ್ತಾರ, ಮನಿಯವ್ರದು ಸಹಿ ಬೇಕು. ಮನಸ್ಸಿಲ್ದವ್ರು ನಡುವ ಎದ್ದು ಹೋಗ್ಬಹುದು ಅಂತ ಮೊದಲೇ ಹೇಳ್ತೀನಿ.

— ಹಾಳಿಗಿ ಹೆಸರು ಬರಸಬ್ಯಾಡ, ನಂಬರ್ ಸಾಕು. ಮತ್ತ ಹೆಣ್ಣೋ ಗಂಡೋ ಅನ್ನೋದು ಎಲ್ಲಿ ಕೇಳ್ತಿ?

— ಮ್ಯಾಲ. ಮೊದಲನೇ ಸಾಲಿನ್ಯಾಗ.

— ಕೊನಿ ಸಾಲಿಗಿ ಹಾಕು. ಪೆನ್ನು ಹಿಡಿಯೋದ್ಕಿಂತ ಮೊದಲ ‘ನೀ ಹುಡುಗಿ’ ಅಂತ ನೆನಪು ಮಾಡಿ, ಆಮ್ಯಾಲ ಪರೀಕ್ಷಿ ಮಾಡಿದ್ರ, ಪರೀಕ್ಷಿಯಾಗ ಆ ನೆನಪೂ ಕುಂತಿರ್ತದ. ಹುಡುಗ್ರಿಗೂ ಅಷ್ಟೇ, ಗೆಲ್ಲಬೇಕು ಅಂತ ಚುಕ್ಕಿ ಬಿಟ್ಟು ಓಡ್ತಾರ.

— ಅದಕ್ಕೇ ಟ್ರಯಲ್‌ದಾಗ ಹಿಂಗಾಗ್ಯಾದೇನೋ. ನಾ ಮೊದಲೇ ಹೇಳಿದ್ದೆ, ‘ಯಾರು ಜಾಣರು ನೋಡೋಣು, ಹುಡುಗ್ರೋ ಹುಡುಗೇರೋ’ ಅಂತ.

— ಹಂಗ ಹೇಳಿ ಕುಂದರ್ಸಿದ್ರ ಅದು ಪ್ರಯೋಗ ಆಗಂಗಿಲ್ಲ, ಕಬಡ್ಡಿ ಆಗ್ತದ.

— ಹಂಗಾದ್ರ ಸೋಮವಾರ ನೀವು ನನ್ನ ಜೋಡಿ ಕಾಲೇಜಿಗಿ ಬರ್ರಿ. ಗಡಿಯಾರ ನೀವು ಹಿಡೀರಿ. ನಿಮ್ಮ ಮಾತಿಗಿ ಹುಡುಗ್ರು ಸುಮ್ನ ಕುಂದರ್ತಾರ.

— ನಾ ಬ್ಯಾಡ. ಏನು ಉತ್ತರ ಬರ್ಬೇಕು ಅಂತ ಇಷ್ಟೊತ್ತು ಜಗಳಾ ಮಾಡೀನಿ. ನನ್ನ ಕೈಯಾಗ ಗಡಿಯಾರ ಕೊಟ್ರ, ನನಗ ಬೇಕಾದವ್ರಿಗಿ ಅರ್ಧ ಸೆಕೆಂಡ್ ಹೆಚ್ಚು ಸಿಕ್ಕೇ ಸಿಗ್ತದ, ನನಗ ಗೊತ್ತಾಗ್ದಂಗ. ನೀನೂ ಬ್ಯಾಡ. ಕಿರಾಣಿ ಅಂಗಡಿ ಹುಡುಗ ಮಧ್ಯಾಹ್ನ ಖಾಲಿ ಇರ್ತಾನ, ಅವನ್ನ ಕರಿ. ಏನು ನೋಡ್ಲಕತ್ತೀವಿ ಅಂತ ಮಾತ್ರ ಅವಗ ಹೇಳಬ್ಯಾಡ.